ಸಂಜೆ ಆರರ ಡಬ್ಬಿ

ನನ್ನ ಹೆಸರು ನಾನೂಲಿ. ಇಪ್ಪತ್ತಾರು ವರ್ಷದಿಂದ
ಈ ಕಣಿವೆಯ ನೆತ್ತಿಗೂ ನದಿಗೂ ನಡುವೆ
ತಂತಿಗೆ ಜೋತ ಕಬ್ಬಿಣದ ಡಬ್ಬಿ ಏರಿಸಿ ಇಳಿಸುತ್ತೇನೆ.
ಗಂಟೆ ಒಂದು ಸಲ ಬಡಿದರೆ ಹೊರಟೆ, ಎರಡು ಸಲ ಬಡಿದರೆ ತಡಿ.
ಹನ್ನೆರಡು ಜನ ಮಾತ್ರ, ಎಂದು ಬಾಗಿಲ ಮೇಲೆ ಬರೆದಿದೆ.
ಮಕ್ಕಳನ್ನು ನಾನು ಅರ್ಧರ್ಧ ಎಣಿಸುತ್ತೇನೆ.

ಮೊದಲೆಲ್ಲ ಆರರ ಡಬ್ಬಿ ಗಣಿಯವರದ್ದು.
ಮ್ಯಾಂಗನೀಸಿನ ಕರಿ ಉಗುರಲ್ಲಿ, ರೆಪ್ಪೆಯಲ್ಲಿ,
ಬ್ರೆಡ್ಡು ಸುತ್ತಿದ ಬಟ್ಟೆಯಲ್ಲಿ.
ಪಾಳಿ ನಿಂತಮೇಲೆ ಎರಡು ಚಳಿಗಾಲ ಖಾಲಿ ತೂಗಿತು.
ಆಮೇಲೆ ರಮಾಜ್ ಬಂದ —
ಮೂರನೇ ಸುರಂಗದಲ್ಲಿ ನನ್ನ ಗಂಡನ ಜೊತೆ ಡ್ರಿಲ್ಲು ಹಿಡಿದವನು,
ಒಂದು ಕಿವಿ ಹಿಟ್ಟಿನ ಮುದ್ದೆಯಂತೆ ಮುದುರಿದವನು —
ಗಣಿಯವರ ಕ್ಲಬ್ಬಿನ ಬೀಗ ಒಡೆದು
ಕುಣಿತದ ಹಾಲಿನಲ್ಲಿ ಹಳೇ ಚಾಪೆ ಹಾಸಿ
ಜೂಡೋ, ಅಂದ.

ಮೊದಲ ತಿಂಗಳು ಬರೀ ಬೀಳುವುದು.
ಹಿಂದಕ್ಕೆ, ಪಕ್ಕಕ್ಕೆ, ಹೆಗಲ ಮೇಲಿಂದ ಉರುಳಿ
ಅಂಗೈಯಿಂದ ನೆಲಕ್ಕೆ ಪಟ್ಟೆಂದು ಬಡಿಯುವುದು.
ಕೆಳಗಿನ ನಿಲ್ದಾಣಕ್ಕೂ ಕೇಳುತ್ತಿತ್ತು,
ಯಾರೋ ನೂರು ಕಂಬಳಿ ಕೊಡವಿದಂತೆ.
"ಬೀಳೋದನ್ನೂ ಕಲಿಸ್ತಾರಾ? ಅದಕ್ಕೆ ನಮ್ಮೂರೇ ಸಾಕಲ್ಲ"
ಅಂದಳು ಗ್ವಾಂತ್ಸಾಳ ಅಜ್ಜಿ.
ರಮಾಜ್ ದುಡ್ಡು ಮುಟ್ಟಿದ್ದನ್ನು ನಾನು ಕಂಡಿಲ್ಲ;
ಒಮ್ಮೆ ಒಂದು ಚೀಲ ಅಕ್ರೋಟು, ಅಷ್ಟೆ.

ಗ್ವಾಂತ್ಸಾ: ಹದಿನಾಲ್ಕು ವರ್ಷ, ನಲವತ್ತೆಂಟು ಕಿಲೋ,
ನಡೆಯುವಾಗಲೂ ಯಾರದೋ ಕಾಲರು ಹಿಡಿದಂತೆ ಬೆರಳು ಮಡಚಿರುತ್ತಾಳೆ.
ತ್ಸೋಟ್ನೆಯ ಎಡಗಾಲ ಪಟ್ಟು ಭಾರೀ ಅಂತಾರೆ; ನನಗೆ ಗೊತ್ತಿರುವುದು
ಮುದುಕಿಯರಿಗೆ ಮೂಲೆ ಬಿಟ್ಟುಕೊಡುತ್ತಾನೆ ಅನ್ನುವುದು.
ಬೆಸಿಕ್‌ಗೆ ಹತ್ತು. ಅಣ್ಣನ ಅಂಗಿ, ತೋಳಿಗೆ ಮೂರು ಮಡಿಕೆ.
ನದಿಯ ಮೇಲೆ ಬಂದಾಗ ದಿನಾ ಕಣ್ಣು ಮುಚ್ಚುತ್ತಾನೆ.
ನಾನು ನೋಡದವಳಂತಿರುತ್ತೇನೆ.

ಮಾರ್ಚಿಯಲ್ಲಿ ಕುತೈಸಿಗೆ ಹೋದರು,
ಬಾಗಿಲು ಹಗ್ಗದಲ್ಲಿ ಕಟ್ಟಿದ ವ್ಯಾನಿನಲ್ಲಿ.
ಸುದ್ದಿ ಫೋನಿನಲ್ಲಿ ತುಂಡುತುಂಡಾಗಿ ಬಂತು.
ಗ್ವಾಂತ್ಸಾ ಚಿನ್ನ. ಕೊನೆಯ ಹುಡುಗಿ ರಾಜಧಾನಿಯವಳು,
ಹೊಸ ನೀಲಿ ಅಂಗಿ; ಅವಳನ್ನು ಸೊಂಟದ ಮೇಲೆತ್ತಿ
ತೊಟ್ಟಿಲಿಗೆ ಹಾಕಿದಂತೆ ಮಲಗಿಸಿದಳಂತೆ.
ತ್ಸೋಟ್ನೆ ಕಂಚು.
ಬೆಸಿಕ್ ಹನ್ನೊಂದು ಸೆಕೆಂಡು.
ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋಣವೆಂದರೆ
ಅವನಿಗಿನ್ನೂ ಮೀಸೆಯೇ ಇಲ್ಲ.

ರಾತ್ರಿ ಕೊನೆಯ ಡಬ್ಬಿ ಅವರಿಗಾಗಿ ತಡೆದಿಟ್ಟೆ.
ಮೇಲಿನ ನಿಲ್ದಾಣದಲ್ಲಿ ವೈನು, ರೊಟ್ಟಿ, ಅರ್ಧ ಊರು.
ನಡುದಾರಿಯಲ್ಲಿ, ಸರಿಯಾಗಿ ನದಿಯ ಮೇಲೆ, ಕರೆಂಟು ಹೋಯಿತು.

ಡಬ್ಬಿ ಒಮ್ಮೆ ಮುಂದಕ್ಕೆ ಜೀಕಿ ನಿಂತಿತು.
ಕತ್ತಲಲ್ಲಿ ಎರಡು ಪದಕ ಒಂದಕ್ಕೊಂದು ತಾಗಿದ ಸದ್ದು.
ಒಂದು ಉಸಿರು ಮೇಲೇರುತ್ತಿತ್ತು, ಯಾರದೆಂದು ಎಲ್ಲರಿಗೂ ಗೊತ್ತಿತ್ತು.
"ಬೀಳೋದು ಕಲ್ತಿದೀವಲ್ಲ" — ತ್ಸೋಟ್ನೆ, ಇಡೀ ದಿನದ ಮೊದಲ ಮಾತು —
"ಎಪ್ಪತ್ತು ಮೀಟರ್. ಅಂಗೈ ಸ್ವಲ್ಪ ಜೋರಾಗಿ ಬಡೀಬೇಕು, ಅಷ್ಟೆ."
ನಗುವಿಗೆ ಡಬ್ಬಿ ಅಲುಗಿತು. ನಾನು ಬೈದೆ,
ಬೈಯುತ್ತಲೇ ನಕ್ಕೆ.

ಆಮೇಲೆ ಗ್ವಾಂತ್ಸಾ ಬೆಸಿಕ್‌ನ ಕೈ ಹುಡುಕಿ
ತನ್ನ ಕೋಟಿನ ಕಾಲರಿಗೆ ಇಟ್ಟಳು.
"ಹಿಡಿ. ಇನ್ನೊಂದು ತೋಳಿಗೆ.
ಇವತ್ತು ನೀನು ಹಿಡಿಯೋ ಮುಂಚೇನೇ ಹೋಗಿಬಿಟ್ಟೆ.
ಎಳೀಬೇಡ. ಬರೀ ನಿಲ್ಲು."

ನಿಂತ.
ನಾನು ತಣ್ಣನೆ ಗೋಡೆಗೆ ಬೆನ್ನು ಕೊಟ್ಟು ಕೇಳಿಸಿಕೊಂಡೆ:
ಬಟ್ಟೆ ಬಿಗಿಯುವುದು, ಎರಡು ಜೊತೆ ಷೂ
ಕಬ್ಬಿಣದ ಮೇಲೆ ಇಷ್ಟಿಷ್ಟೇ ಸರಿಯುವುದು,
ಕೆಳಗೆ ಕರೀನೀರು ತನ್ನ ಪಾಡಿಗೆ.
ರಮಾಜ್ ಕೆಮ್ಮಿದ. ಏನೂ ಹೇಳಲಿಲ್ಲ.

ಎಷ್ಟು ಹೊತ್ತೋ. ದೀಪ ಬಂದಾಗ
ಅವನು ಕಣ್ಣು ತೆರೆದು ಕಿಟಕಿಯಾಚೆ ನೋಡುತ್ತಿದ್ದ.
ಅವಳ ಕಾಲರು ಇನ್ನೂ ಮುಷ್ಟಿಯಲ್ಲಿ,
ಒಂದು ಗುಂಡಿ ಕಿತ್ತುಹೋಗಿತ್ತು.

ಮೇಲೆ ಗ್ಲಾಸು ಎತ್ತಿದರು. ಪದಕ ಕೈಯಿಂದ ಕೈಗೆ ಹೋಯಿತು,
ಮುದುಕನೊಬ್ಬ ಕಚ್ಚಿ ನೋಡಿದ.
ಡಬ್ಬಿ ಗುಡಿಸುವಾಗ ನನಗೆ ಗುಂಡಿ ಸಿಕ್ಕಿತು.
ಜೇಬಿನಲ್ಲಿದೆ. ನಾಳೆ ಆರಕ್ಕೆ ಕೊಡಬೇಕು,
ಮರೆಯದಿದ್ದರೆ.